ಸೋಮಾರಿತನ ಅಂದುಕೊಂಡಿದ್ದೆ, ಅದು ಉಬ್ಬಸ

ದಾವಣಗೆರೆಯಲ್ಲಿ ಮಕ್ಕಳಿಗೆ ಜಿಮ್ನಾಸ್ಟಿಕ್ಸ್ ಹೇಳಿಕೊಡುವುದು ನನ್ನ ಕೆಲಸ. ಈ ಹುಡುಗಿ ನಮ್ಮಲ್ಲಿಗೆ ಬಂದಾಗ ಎಂಟು ವರ್ಷ. ಬೀಮ್ ಅಂದರೆ ಮೇಲೆ ನಿಂತು ಕಸರತ್ತು ಮಾಡುವ ತೊಲೆ, 10 ಸೆಂಟಿಮೀಟರ್ ಅಗಲ, 125 ಸೆಂಟಿಮೀಟರ್ ಎತ್ತರ. ಅದರ ಮೇಲೆ ಹೊಲದ ಬದುವಿನ ಮೇಲೆ ನಡೆದ ಹಾಗೆ ನಡೆಯುತ್ತಿದ್ದಳು. ಫ್ಲೋರ್‌ಗೆ, ಅಂದರೆ ನೆಲದ ಮ್ಯಾಟ್ ಮೇಲಿನ ಪಲ್ಟಿ ಕಸರತ್ತಿಗೆ ಬಂದರೆ ಮಾತ್ರ ಸುಸ್ತು. ಹೆಚ್ಚೆಂದರೆ 90 ಸೆಕೆಂಡಿನ ಆಟ ಅದು. ಮುಗಿಸಿ ಗೋಡೆಗೆ ಒರಗಿ ಕೂತುಬಿಡುತ್ತಿದ್ದಳು. "ಏಳಮ್ಮ, ಇನ್ನೊಂದು ಸಲ" ಅಂತ ಎಷ್ಟು ಸಲ ಎಬ್ಬಿಸಿದ್ದೇನೋ.

ಒಂದು ಸಂಜೆ ಪಕ್ಕದಲ್ಲೇ ಹೋಗಿ ಕೂತೆ. ಎದೆಯಿಂದ ಸಣ್ಣಗೆ ಸೀಟಿ ಊದಿದಂಥ ಸದ್ದು. ಉಸಿರೆಳೆದಾಗೆಲ್ಲ ಕತ್ತಿನ ಬುಡದ ಗುಳಿ ಒಳಕ್ಕೆ ಹೋಗುತ್ತಿತ್ತು. ಅವಳ ಅಮ್ಮನನ್ನು ಕರೆಸಿದೆ.

"ಮೂರು ವರ್ಷದಾಕಿ ಇದ್ದಾಗಿಂದ ಉಬ್ಬಸ ಐತ್ರಿ ಸಾರ್. ಹೇಳಿದ್ರೆ ಸೇರಿಸ್ಕೊಳ್ಳಲ್ಲ ಅಂತ ಸುಮ್ನಿದ್ದೆ."

ಅವರು ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವರು. ಮನೆಯೂ ಭಟ್ಟಿ ಪಕ್ಕದಲ್ಲೇ. ಅಲ್ಲಿ ಹೊಗೆ, ಇಲ್ಲಿ ಕೈ ಜಾರದಿರಲಿ ಅಂತ ಹಚ್ಚುವ ನಮ್ಮ ಚಾಕ್ ಪುಡಿ.

ಮಕ್ಕಳ ಡಾಕ್ಟರ್ ಬಿಡಿಸಿ ಹೇಳಿದರು. ಜೋರಾಗಿ ಉಸಿರಾಡಿದಾಗ ಶ್ವಾಸನಾಳ ಒಣಗಿ ಬಿಗಿಯುತ್ತದೆ. ಆಟ ನಿಲ್ಲಿಸಿದ ಐದು ಹತ್ತು ನಿಮಿಷದಲ್ಲೇ ಅದು ಜಾಸ್ತಿ. ಅಂದರೆ ನಾನು "ಏಳು" ಅನ್ನುತ್ತಿದ್ದದ್ದು ಸರಿಯಾಗಿ ಅದೇ ಹೊತ್ತಿಗೆ. ಈಗಲೂ ನೆನೆದರೆ ಕರುಳು ಚುರುಕ್ ಅನ್ನುತ್ತದೆ.

ನಮ್ಮ ದೇಶದ ಜಿಮ್ನಾಸ್ಟ್ ದೀಪಾ ಕರ್ಮಾಕರ್ ಅವರದು ಚಪ್ಪಟೆ ಪಾದ. ಕೋಚ್ ಬಿಶ್ವೇಶ್ವರ ನಂದಿ ಆ ಪಾದದ ಮೇಲೇ ತುಂಬಾ ಶ್ರಮ ಹಾಕಿದರು. 2016ರ ರಿಯೊ ಒಲಿಂಪಿಕ್ಸ್‌ನ ವಾಲ್ಟ್‌ನಲ್ಲಿ, ಅಂದರೆ ಓಡಿ ಬಂದು ಮೇಜಿನ ಮೇಲೆ ಕೈಯೂರಿ ಹಾರುವ ಆಟದಲ್ಲಿ, ದೀಪಾ ನಾಲ್ಕನೆಯವರಾದರು, ಕಂಚು ತಪ್ಪಿದ್ದು 0.150 ಅಂಕದಲ್ಲಿ. ಮಕ್ಕಳಿಗೆ ಈ ಕಥೆ ನಾನೇ ಹೇಳುತ್ತಿದ್ದೆ. ಎದುರಿಗಿರುವ ಮಗುವಿನ ಮೈ ನೋಡಿ ಕಲಿಸಬೇಕು ಅನ್ನುವುದು ನನ್ನ ತಲೆಗೇ ಹೋಗಿರಲಿಲ್ಲ, ನೋಡಿ.

ಆಮೇಲೆ ಹಾಲ್‌ನಲ್ಲಿ ಪೊರಕೆ ನಿಲ್ಲಿಸಿದೆವು. ಮ್ಯಾಟ್ ಒರೆಸಲು ಒದ್ದೆ ಬಟ್ಟೆ. ಚಾಕ್ ಡಬ್ಬ ಬಾಗಿಲಾಚೆ ಹೋಯಿತು. ಅವಳಿಗೆ ನಿಧಾನವಾಗಿ ಹದಿನೈದು ನಿಮಿಷ ವಾರ್ಮ್ ಅಪ್, ಅದಕ್ಕೂ ಮೊದಲು ಡಾಕ್ಟರ್ ಹೇಳಿದ ಹಾಗೆ ಬಾಯಿಂದ ಎಳೆದುಕೊಳ್ಳುವ ಔಷಧದ ಪಂಪ್. "ಅಭ್ಯಾಸ ಆಗ್ಬಿಟ್ರೆ?" ಅಂತ ಅಜ್ಜಿಗೆ ಭಯ. ಅಜ್ಜಿಯನ್ನೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ. ಎರಡು ಸಲ ಹೋಗಬೇಕಾಯಿತು.

ಈಗ ಅವಳಿಗೆ ಹದಿನಾಲ್ಕು. ರಾಜ್ಯ ಮಟ್ಟದ ಸ್ಪರ್ಧೆಯಲ್ಲಿ ಫ್ಲೋರ್ ಮುಗಿಸಿ ಬಂದು ಗೋಡೆಗೆ ಒರಗಿದಳು. ಪಕ್ಕದಲ್ಲೇ ಕೂತೆ. ಎಲ್ಲರೂ ಸ್ಕೋರ್ ನೋಡುತ್ತಿದ್ದರು, ನಾನು ಅವಳ ಕತ್ತಿನ ಗುಳಿ ನೋಡುತ್ತಿದ್ದೆ. ಒಳಕ್ಕೆ ಹೋಗಲಿಲ್ಲ. ಆ ಸಂಜೆ ರಾಜ್ಯ ತಂಡದ ಪಟ್ಟಿಯಲ್ಲಿ ಅವಳ ಹೆಸರಿತ್ತು.

ಮುಂದಿನ ತಿಂಗಳು ನ್ಯಾಷನಲ್ಸ್. ಅವಳ ಬ್ಯಾಗ್‌ನಲ್ಲಿ ಒಂದು ಪಂಪ್ ಇದೆ, ನನ್ನ ಜೇಬಿನಲ್ಲಿ ಇನ್ನೊಂದು.