ಇಟಲಿ ರೈಲು ಪ್ಲಾನ್: ವೆನಿಸ್‌ನಿಂದ ನೇಪಲ್ಸ್‌ವರೆಗೆ, ಅಪ್ಪನ ಕಿಟಕಿ ಸೀಟಿಗಾಗಿ

ಮಾರ್ಚ್: ದಾರಿ ಗಟ್ಟಿಯಾಯಿತು

ಅಕ್ಟೋಬರಿನಲ್ಲಿ ಅಪ್ಪ ಅಮ್ಮನನ್ನು ಇಟಲಿಗೆ ಕರೆದುಕೊಂಡು ಹೋಗುವುದು ಅಂತ ತೀರ್ಮಾನ ಆಯಿತು. ವೆನಿಸ್‌ನಲ್ಲಿ ಇಳಿಯುವುದು, ರೋಮ್‌ನಿಂದ ವಾಪಸ್ ವಿಮಾನ ಹತ್ತುವುದು. ಹೋದ ದಾರಿಯಲ್ಲೇ ಮತ್ತೆ ತಿರುಗಿ ಬರುವ ಕೆಲಸ ಇಲ್ಲ. ನಡುವಿನದೆಲ್ಲ ರೈಲಿನಲ್ಲಿ: ವೆನಿಸ್, ಬೊಲೋನ್ಯಾ, ಫ್ಲಾರೆನ್ಸ್, ರೋಮ್, ರೋಮ್‌ನಿಂದ ಒಂದು ದಿನ ನೇಪಲ್ಸ್ ಮತ್ತು ಪೊಂಪೇ.

ಅಪ್ಪ ಹುಬ್ಬಳ್ಳಿಯಲ್ಲಿ ರೈಲ್ವೆ ಗಾರ್ಡ್ ಆಗಿದ್ದವರು. ಕ್ಯಾಸಲ್‌ರಾಕ್‌ನಿಂದ ಕುಳೆಂವರೆಗಿನ ಘಾಟಿನಲ್ಲಿ ಗೂಡ್ಸ್ ಗಾಡಿ ಇಳಿಸಿ ಹತ್ತಿಸಿದವರು. ಅವರಿಗೆ ಇಟಲಿ ಅಂದರೆ ಮೊದಲು ರೈಲು, ಆಮೇಲೆ ಉಳಿದದ್ದು. ಹಾಗಾಗಿ ಈ ಪ್ರವಾಸದಲ್ಲಿ ರೈಲಿನ ಭಾಗವನ್ನು ನಾನು ಬೇರೆಯಾಗಿಯೇ ಕೂತು ಪ್ಲಾನ್ ಮಾಡುತ್ತಿದ್ದೇನೆ, ಅದರ ಟಿಪ್ಪಣಿ ಇಲ್ಲಿ ಬರೆದಿಡುತ್ತೇನೆ.

ಮೊದಲ ಕೆಲಸ ಅಲ್ಲಿನ ಗಾಡಿಗಳ ಬಗೆ ಅರ್ಥ ಮಾಡಿಕೊಳ್ಳುವುದು. ತ್ರೆನಿಟಾಲಿಯಾ ಸರ್ಕಾರಿ ಒಡೆತನದ ಕಂಪನಿ. ಅದರ ಫ್ರೆಚ್ಚಾರೊಸ್ಸಾ ಗಂಟೆಗೆ 300 ಕಿಲೋಮೀಟರ್ ಓಡುತ್ತದೆ. ಅದೇ ಹಳಿಯ ಮೇಲೆ 2012ರಿಂದ ಇಟಾಲೊ ಅನ್ನುವ ಖಾಸಗಿ ಕಂಪನಿಯೂ ಅದೇ ವೇಗದ ಗಾಡಿ ಓಡಿಸುತ್ತಿದೆ. ಇವೆರಡರ ಪೈಪೋಟಿಯಿಂದ ಮುಂಚೆ ಬುಕ್ ಮಾಡಿದವರಿಗೆ ಟಿಕೆಟ್ ಅಗ್ಗವಾಗಿ ಸಿಗುತ್ತದೆ. ಇವಕ್ಕಿಂತ ಕೆಳಗೆ ಇಂಟರ್‌ಸಿಟಿ, ಅದಕ್ಕಿಂತ ಕೆಳಗೆ ರೆಜೊನಾಲೆ, ಅಂದರೆ ನಮ್ಮ ಪ್ಯಾಸೆಂಜರ್ ಗಾಡಿ. ರೆಜೊನಾಲೆಗೆ ಸೀಟ್ ನಂಬರ್ ಇಲ್ಲ, ದರ ಯಾವಾಗಲೂ ಒಂದೇ. ಹೊರಡುವ ದಿನ ಕೊಂಡರೂ ಅಷ್ಟೇ, ತಿಂಗಳು ಮುಂಚೆ ಕೊಂಡರೂ ಅಷ್ಟೇ. ಈ ಕೊನೆಯ ಮಾತು ನಮ್ಮ ಪ್ಲಾನಿಗೆ ಎಷ್ಟು ಮುಖ್ಯ ಅಂತ ಆಮೇಲೆ ಬರುತ್ತದೆ.

ಏಪ್ರಿಲ್: ಸುರಂಗದ ವಿಷಯ

ಮೊದಲು ಎಲ್ಲ ಕಡೆ ಫಾಸ್ಟ್ ಗಾಡಿ ಹಾಕಿ ಒಂದು ಪಟ್ಟಿ ಮಾಡಿದ್ದೆ. ವೆನಿಸ್‌ನಿಂದ ಫ್ಲಾರೆನ್ಸ್ ಎರಡು ಗಂಟೆ ಚಿಲ್ಲರೆ. ಫ್ಲಾರೆನ್ಸ್‌ನಿಂದ ರೋಮ್ ಒಂದೂವರೆ ಗಂಟೆ. ಪಟ್ಟಿ ನೋಡಲು ಚೆನ್ನಾಗಿತ್ತು. ಅಪ್ಪ ಕೂತು ಮ್ಯಾಪಿನಲ್ಲಿ ಹಳಿ ಹಿಡಿದು ಬೆರಳು ಆಡಿಸಿದರು. ಬೊಲೋನ್ಯಾ ದಾಟಿದ ಮೇಲೆ ಹಳಿ ಮಾಯ. ಯಾಕೆ ಅಂದರೆ ಬೊಲೋನ್ಯಾ–ಫ್ಲಾರೆನ್ಸ್ ನಡುವೆ 2009ರ ಡಿಸೆಂಬರಿನಲ್ಲಿ ಶುರುವಾದ ಹೈಸ್ಪೀಡ್ ಮಾರ್ಗದ ಉದ್ದ 78 ಕಿಲೋಮೀಟರ್ ಆದರೆ ಅದರಲ್ಲಿ ಸುಮಾರು 73 ಕಿಲೋಮೀಟರ್ ಸುರಂಗವೇ. ಗಾಡಿ ಅಪೆನ್ನೈನ್ ಬೆಟ್ಟಸಾಲನ್ನು ಮುಕ್ಕಾಲು ಗಂಟೆಯೊಳಗೆ ದಾಟಿಬಿಡುತ್ತದೆ, ಆದರೆ ಬೆಟ್ಟ ಕಾಣುವುದಿಲ್ಲ.

"ಇಷ್ಟ ದೂರ ಹೋಗಿ ಸುರಂಗದಾಗ ಕುಂತು ಬರೂದೇನು?" ಅಂದರು ಅಪ್ಪ.

ಅವರ ಮಾತು ಸರಿ. ಅವತ್ತಿನಿಂದ ಪ್ಲಾನಿನ ದಿಕ್ಕೇ ಬದಲಾಯಿತು. ಯಾವ ಗಾಡಿ ಬೇಗ ಮುಟ್ಟಿಸುತ್ತದೆ ಅನ್ನುವುದರ ಜೊತೆಗೆ ಯಾವ ಹಳಿ ಎಲ್ಲಿ ಹಾದು ಹೋಗುತ್ತದೆ ಅಂತಲೂ ಒಂದೊಂದು ತುಂಡಿಗೂ ಬೇರೆ ಬೇರೆಯಾಗಿ ನೋಡಲು ಶುರು ಮಾಡಿದೆವು.

ನೋಡುತ್ತಾ ಹೋದರೆ ಈ ಒಂದೇ ಬೆಟ್ಟಸಾಲನ್ನು ಇಟಲಿಯವರು ಮೂರು ಕಾಲದಲ್ಲಿ ಮೂರು ಥರ ದಾಟಿದ್ದಾರೆ. ಮೊದಲನೆಯದು 1864ರ ಪೊರ್ರೆತ್ತಾನಾ ಮಾರ್ಗ, ಬೊಲೋನ್ಯಾದಿಂದ ಪಿಸ್ತೋಯಾಕ್ಕೆ. ಅದು ಒಂಟಿ ಹಳಿ, ನದಿಯ ಕಣಿವೆ ಹಿಡಿದು ಮೇಲೆ ಹತ್ತಿ ಆ ಕಡೆ ಸುತ್ತಿ ಸುತ್ತಿ ಇಳಿಯುತ್ತದೆ. ಪಿಸ್ತೋಯಾ ಕಡೆ ಇಳಿಜಾರು ಸಾವಿರ ಮೀಟರಿಗೆ 25 ಮೀಟರಿನ ಆಸುಪಾಸು. ನಮ್ಮ ಕ್ಯಾಸಲ್‌ರಾಕ್ ಘಾಟ್ 37ಕ್ಕೆ 1, ಅಂದರೆ ಸಾವಿರಕ್ಕೆ 27. ಈ ಲೆಕ್ಕ ಹೇಳಿದ ಕೂಡಲೇ ಅಪ್ಪನ ಮುಖ ನೋಡಬೇಕಿತ್ತು. ಅಂಥ ಏರಿನಲ್ಲಿ ಗಾಡಿಗೆ ಹಿಂದಿನಿಂದ ಬ್ಯಾಂಕರ್ ಎಂಜಿನ್ ಹಚ್ಚಿ ತಳ್ಳುವುದು ಏನು, ಇಳಿಯುವಾಗ ಬ್ರೇಕ್ ಹೇಗೆ ಹಿಡಿಯಬೇಕು, ಮಳೆಗಾಲದಲ್ಲಿ ಚಕ್ರ ಹೇಗೆ ಜಾರುತ್ತದೆ, ಎಲ್ಲ ಅರ್ಧ ರಾತ್ರಿಯವರೆಗೆ ಹೇಳಿದರು.

ಎರಡನೆಯದು 1934ರಲ್ಲಿ ತೆರೆದ ಬೊಲೋನ್ಯಾ–ಪ್ರಾತೊ ಮಾರ್ಗ. ಇದು ಜೋಡಿ ಹಳಿ. ಏರು ಕಡಿಮೆ ಮಾಡಬೇಕು ಅಂದರೆ ಬೆಟ್ಟದ ತಲೆಯವರೆಗೆ ಹೋಗಬಾರದು, ಹೊಟ್ಟೆಯಲ್ಲೇ ಕೊರೆಯಬೇಕು. ಅದಕ್ಕೆ ಹದಿನೆಂಟೂವರೆ ಕಿಲೋಮೀಟರ್ ಉದ್ದದ ಒಂದು ಸುರಂಗ ತೋಡಿದರು. ಆ ಕಾಲಕ್ಕೆ ಅದಕ್ಕಿಂತ ಉದ್ದ ಇದ್ದದ್ದು ಆಲ್ಪ್ಸ್‌ನ ಸಿಂಪ್ಲಾನ್ ಸುರಂಗ ಮಾತ್ರ. ಆ ಸುರಂಗದ ನಡುಮಧ್ಯೆ, ನೆಲದ ಒಳಗೇ, ಗಾಡಿಗಳು ಒಂದನ್ನೊಂದು ಹಿಂದೆ ಹಾಕಲಿ ಅಂತ ಒಂದು ನಿಲ್ದಾಣವನ್ನೂ ಕಟ್ಟಿದ್ದರು! ನಿಧಾನದ ಗಾಡಿಯನ್ನು ಪಕ್ಕದ ಹಳಿಗೆ ತಳ್ಳಿ ವೇಗದ್ದನ್ನು ಬಿಡುವುದು, ಸುರಂಗದೊಳಗೆ. ಇದನ್ನು ಓದಿ ನನಗೇ ಮೈ ಜುಮ್ಮೆಂದಿತು.

ಪೊರ್ರೆತ್ತಾನಾದಲ್ಲೇ ಹೋಗೋಣ ಅಂತ ಅಪ್ಪನ ಆಸೆ ಇತ್ತು. ಆದರೆ ಪೊರ್ರೆತ್ತಾದಲ್ಲಿ ಗಾಡಿ ಬದಲಿಸಬೇಕು, ಪಿಸ್ತೋಯಾದಲ್ಲಿ ಮತ್ತೆ ಬದಲಿಸಬೇಕು. ಅಮ್ಮನ ಮೊಣಕಾಲು ನೋಡಿಕೊಂಡು ಅದನ್ನು ಬಿಟ್ಟೆವು. 1934ರ ಮಾರ್ಗವೇ ನಮಗೆ ಸರಿ. ಅರ್ಧದ ಹತ್ತಿರ ಸುರಂಗ ಇದ್ದರೂ ಆ ಕಡೆ ಈ ಕಡೆ ಕಣಿವೆ, ಸೇತುವೆ, ಸಣ್ಣ ಊರುಗಳು ಕಾಣುತ್ತವೆ. ಬೊಲೋನ್ಯಾದಿಂದ ಪ್ರಾತೊವರೆಗೆ ರೆಜೊನಾಲೆ, ಪ್ರಾತೊದಲ್ಲಿ ಒಂದೇ ಸಲ ಬದಲಿಸಿ ಫ್ಲಾರೆನ್ಸ್. ಒಟ್ಟು ಹೊತ್ತು ಫಾಸ್ಟ್ ಗಾಡಿಗಿಂತ ಎರಡು ಪಟ್ಟು ಜಾಸ್ತಿಯೇ ಹಿಡಿಯುತ್ತದೆ. ಹಿಡಿಯಲಿ.

ಮೇ: ವೀಸಾ ಮತ್ತು ಟಿಕೆಟಿನ ಜಗ್ಗಾಟ

ಶೆಂಗೆನ್ ವೀಸಾಕ್ಕೆ ದಿನದಿನದ ಪ್ಲಾನ್ ಕೊಡಬೇಕು, ಉಳಿಯುವ ಜಾಗ ತೋರಿಸಬೇಕು, ಕನಿಷ್ಠ 30,000 ಯೂರೋ ಕವರ್ ಇರುವ ವಿಮೆ ಬೇಕು. ಆದರೆ ವೀಸಾ ಕೈಗೆ ಬರುವ ಮುಂಚೆ ವಾಪಸ್ ಆಗದ ರೈಲು ಟಿಕೆಟ್ ಕೊಳ್ಳುವುದು ಯಾವ ಲೆಕ್ಕದಲ್ಲೂ ಸರಿಯಲ್ಲ. ತ್ರೆನಿಟಾಲಿಯಾದಲ್ಲಿ ತೀರಾ ಅಗ್ಗದ್ದು ಸೂಪರ್ ಎಕಾನಮಿ, ಅದನ್ನು ರದ್ದು ಮಾಡಿದರೆ ದುಡ್ಡು ಬರುವುದಿಲ್ಲ. ಎಕಾನಮಿಯಲ್ಲಿ ಸ್ವಲ್ಪ ಬದಲಾವಣೆಗೆ ಅವಕಾಶ ಇದೆ. ಬೇಸ್ ದುಬಾರಿ, ಆದರೆ ಬದಲಿಸಬಹುದು. ನಮ್ಮಲ್ಲಿಯ ಹಾಗೆ ವೇಟಿಂಗ್ ಲಿಸ್ಟ್, ಆರ್‌ಎಸಿ ಇಲ್ಲ. ಸೀಟ್ ಇದ್ದರೆ ಇದೆ, ಅಗ್ಗದ ಕೋಟಾ ಮುಗಿದರೆ ಮೇಲಿನ ದರ ತೋರಿಸುತ್ತದೆ, ಅಷ್ಟೇ.

ರೆಜೊನಾಲೆ ಕೈ ಹಿಡಿದದ್ದು ಇಲ್ಲೇ. ನಮ್ಮ ಪ್ಲಾನಿನ ಹೆಚ್ಚಿನ ತುಂಡುಗಳು ಈಗ ರೆಜೊನಾಲೆ ಆಗಿರುವುದರಿಂದ, ವೀಸಾಕ್ಕೆ ಗಾಡಿಯ ಹೊತ್ತು ಬರೆದು ಕೊಟ್ಟರೆ ಸಾಕು, ದುಡ್ಡು ಹಾಕಿ ಕಾಯುವ ಪ್ರಮೇಯ ಇಲ್ಲ. ಸಣ್ಣ ಮಕ್ಕಳನ್ನೋ ವಯಸ್ಸಾದವರನ್ನೋ ಕರೆದುಕೊಂಡು ಹೋಗುವವರಿಗೆ ಇದನ್ನೇ ಹೇಳುತ್ತೇನೆ. ಯಾರಿಗಾದರೂ ಜ್ವರ ಬಂದು ಒಂದು ದಿನ ತಡವಾದರೂ ಟಿಕೆಟ್ ಹಾಳಾಗುವ ಚಿಂತೆ ಇಲ್ಲ ಅಲ್ವಾ.

ಒಂದು ಎಚ್ಚರಿಕೆ ಮಾತ್ರ ಇದೆ. ರೆಜೊನಾಲೆಯ ಕಾಗದದ ಟಿಕೆಟನ್ನು ಹತ್ತುವ ಮುಂಚೆ ಪ್ಲಾಟ್‌ಫಾರ್ಮಿನ ಯಂತ್ರಕ್ಕೆ ತುರುಕಿ ಮುದ್ರೆ ಒತ್ತಿಸಿಕೊಳ್ಳಬೇಕು. ಮೊಬೈಲಿನಲ್ಲಿ ಕೊಂಡಿದ್ದರೆ ಹತ್ತುವ ಮುಂಚೆ ಅದರಲ್ಲೇ ಚೆಕ್-ಇನ್ ಒತ್ತಬೇಕು. ದುಡ್ಡು ಕೊಟ್ಟು ಕೊಂಡ ಟಿಕೆಟ್ ಕೈಯಲ್ಲಿದ್ದರೂ ಇದು ಮಾಡದಿದ್ದರೆ ದಂಡ ಬೀಳುತ್ತದೆ. ಈ ಕೆಲಸಕ್ಕೆ ಅಮ್ಮನನ್ನು ನೇಮಿಸಿದ್ದೇವೆ, ಮನೆಯಲ್ಲಿ ಗ್ಯಾಸ್ ಆಫ್ ಆಗಿದೆಯಾ ಅಂತ ನೋಡುವವರೂ ಅವರೇ.

ಜೂನ್: ನಿಲ್ದಾಣಗಳ ಹೆಸರು, ಒರ್ವಿಯೆಟೊ

ಹುಡುಕುವಾಗ ಊರಿನ ಇಟಾಲಿಯನ್ ಹೆಸರೇ ಹಾಕುವುದು ಒಳ್ಳೆಯದು. ವೆನೆಜಿಯಾ, ಫಿರೆಂಜೆ, ರೋಮಾ, ನಾಪೊಲಿ. ಅದಕ್ಕಿಂತ ಮುಖ್ಯ, ಒಂದೇ ಊರಿಗೆ ಹಲವು ನಿಲ್ದಾಣ ಇರುತ್ತವೆ. ವೆನಿಸ್‌ನಲ್ಲಿ ಮೆಸ್ತ್ರೆ ಅಂದರೆ ದಡದ ಮೇಲಿನದು, ಸಾಂತಾ ಲೂಚಿಯಾ ಅಂದರೆ ದ್ವೀಪದ ಮೇಲಿನದು. ಇವೆರಡರ ನಡುವೆ ಗಾಡಿ ಹತ್ತು ಹನ್ನೆರಡು ನಿಮಿಷ ಹಿನ್ನೀರಿನ ಸೇತುವೆಯ ಮೇಲೆ ಹೋಗುತ್ತದೆ, ಈ ರೈಲು ಸೇತುವೆ 1846ರದ್ದು. ಫ್ಲಾರೆನ್ಸ್‌ನಲ್ಲಿ ಊರ ನಡುವಿನದು ಸಾಂತಾ ಮರಿಯಾ ನೊವೆಲ್ಲಾ. ರೋಮ್‌ನಲ್ಲಿ ತೆರ್ಮಿನಿ ಮತ್ತು ತಿಬುರ್ತಿನಾ. ನೇಪಲ್ಸ್‌ನಲ್ಲಿ ಚೆಂತ್ರಾಲೆ ಊರೊಳಗೆ, ಅಫ್ರಗೋಲಾ ಊರ ಹೊರಗೆ. ಬೊಲೋನ್ಯಾದಲ್ಲಿ ಮುಖ್ಯ ನಿಲ್ದಾಣ ಒಂದೇ, ಆದರೆ ಹೈಸ್ಪೀಡ್ ಪ್ಲಾಟ್‌ಫಾರ್ಮ್ 16ರಿಂದ 19 ನೆಲದ ಆಳದಲ್ಲಿವೆ. ಮೇಲಿನಿಂದ ಅಲ್ಲಿಗೆ ಇಳಿಯಲು ಸಾಕಷ್ಟು ಹೊತ್ತು ಬೇಕು. ಅಲ್ಲಿ ಗಾಡಿ ಬದಲಿಸುವವರು ಹತ್ತು ನಿಮಿಷದ ಕನೆಕ್ಷನ್ ಹಿಡಿಯಬೇಡಿ.

ಬೊಲೋನ್ಯಾದಲ್ಲಿ ನಾವು ಹೇಗೂ ಒಂದು ರಾತ್ರಿ ಉಳಿಯುತ್ತೇವೆ. 1980ರ ಆಗಸ್ಟ್ 2ರಂದು ಆ ನಿಲ್ದಾಣದ ವೇಟಿಂಗ್ ರೂಮಿನಲ್ಲಿ ಬಾಂಬ್ ಸಿಡಿದು 85 ಜನ ಸತ್ತರು. ಹೊರಗಿನ ಗಡಿಯಾರದಲ್ಲಿ ಇವತ್ತಿಗೂ 10 ಗಂಟೆ 25 ನಿಮಿಷವೇ ಇದೆ. ಅಲ್ಲಿ ಹೋಗಿ ನಿಂತು ಬರಬೇಕು ಅಂತ ಅಪ್ಪ ಹೇಳಿದ್ದಾರೆ. ಅವರೂ ರೈಲ್ವೆಯವರು, ಅವರಿಗೆ ಅದು ಹತ್ತಿರದ ವಿಷಯ.

ಫ್ಲಾರೆನ್ಸ್‌ನಿಂದ ರೋಮ್ ತುಂಡಿಗೂ ಇದೇ ವಿಚಾರ. ನೇರ ರೆಜೊನಾಲೆ ನಾಲ್ಕು ಗಂಟೆಯ ಹತ್ತಿರ ಹಿಡಿಯುತ್ತದೆ. ಅರೆತ್ಸೊ, ಕಿಯೂಸಿ, ಒರ್ವಿಯೆಟೊ ಮೇಲೆ ಹೋಗುತ್ತದೆ. ಒಂದೇ ಸಲಕ್ಕೆ ಅಷ್ಟು ಹೊತ್ತು ಅಮ್ಮನಿಗೆ ಕಷ್ಟ. ಹಾಗಾಗಿ ಒರ್ವಿಯೆಟೊದಲ್ಲಿ ಇಳಿಯೋಣ ಅಂದುಕೊಂಡೆವು. ನಿಲ್ದಾಣ ಕೆಳಗಿದೆ, ಊರು ಬಂಡೆಯ ಮೇಲಿದೆ, ನಿಲ್ದಾಣದ ಎದುರಿನಿಂದಲೇ ಹಳಿಯ ಮೇಲೆ ಹಗ್ಗ ಎಳೆಯುವ ಫ್ಯುನಿಕ್ಯುಲರ್ ಬಂಡಿ ಮೇಲಕ್ಕೆ ಒಯ್ಯುತ್ತದೆ. ಮೇಲೆ ಇಳಿದ ಜಾಗದ ಹತ್ತಿರವೇ 16ನೇ ಶತಮಾನದ ಒಂದು ಬಾವಿ ಇದೆ, 53 ಮೀಟರ್ ಆಳ. ಇಳಿಯುವವರಿಗೆ ಒಂದು ಮೆಟ್ಟಿಲು, ಹತ್ತುವವರಿಗೆ ಇನ್ನೊಂದು, ಎರಡೂ ಸುರುಳಿಯಾಗಿ ಸುತ್ತಿಕೊಂಡು ಹೋದರೂ ಎದುರಾಗುವುದಿಲ್ಲ. ನೀರು ಹೊರುವ ಹೇಸರಗತ್ತೆಗಳು ಒಂದಕ್ಕೊಂದು ಅಡ್ಡ ಬರದಿರಲಿ ಅಂತ ಮಾಡಿದ್ದು.

ಪ್ರಶ್ನೆ ಲಗೇಜಿನದು. ಸೂಟ್‌ಕೇಸ್ ಎಳೆದುಕೊಂಡು ಊರು ಸುತ್ತುವುದು ಆಗದ ಮಾತು. ಎರಡು ದಾರಿ ಇದ್ದವು. ರೋಮ್ ಸೇರಿದ ಮೇಲೆ ಅಲ್ಲಿಂದ ಬರಿಗೈಯಲ್ಲಿ ಒಂದು ದಿನ ಬಂದು ಹೋಗುವುದು, ಅದು ಒಂದೂಕಾಲು ಗಂಟೆಯ ದಾರಿ. ಇಲ್ಲವೇ ಒಂದು ರಾತ್ರಿ ಒರ್ವಿಯೆಟೊದಲ್ಲೇ ಉಳಿಯುವುದು. ಉಳಿಯುವುದೇ ಆಯ್ಕೆ ಮಾಡಿದೆವು. ರೋಮ್‌ನ ದಿನಗಳಲ್ಲಿ ಒಂದು ಕಡಿಮೆ ಆಯಿತು, ನನಗೆ ಅದರ ಬೇಸರ ಇಲ್ಲ. ದೊಡ್ಡ ಊರುಗಳ ನಡುವೆ ಒಂದು ಸಣ್ಣ ಊರಿನ ಸಂಜೆ ಅಮ್ಮ ಅಪ್ಪನಿಗೆ ಬೇಕು.

ಜುಲೈ: ಒಂದೇ ಒಂದು ಫಾಸ್ಟ್ ಗಾಡಿ

ವೀಸಾ ಬಂತು. 300ರ ವೇಗ ಅಪ್ಪ ನೋಡದೆ ಬರಬಾರದು, ಅದಕ್ಕೆ ರೋಮ್‌ನಿಂದ ನೇಪಲ್ಸ್‌ಗೆ ಫ್ರೆಚ್ಚಾರೊಸ್ಸಾ ತೆಗೆದೆ, ಎಕಾನಮಿ ದರದಲ್ಲಿ, ಸ್ಟಾಂಡರ್ಡ್ ಕ್ಲಾಸು. ಒಂದು ಗಂಟೆ ಹತ್ತು ನಿಮಿಷದ ದಾರಿ. ಒಳಗೆ ಪರದೆಯ ಮೇಲೆ ವೇಗ ತೋರಿಸುತ್ತದೆ. ಬರುವಾಗ ಮಾತ್ರ ಫೊರ್ಮಿಯಾ ಮೇಲೆ ಬರುವ ಹಳೆಯ ಮಾರ್ಗದ ಇಂಟರ್‌ಸಿಟಿ, ಅದು 1927ರ ಮಾರ್ಗ, ಎರಡು ಗಂಟೆಯ ಆಸುಪಾಸು, ಫೊರ್ಮಿಯಾ ಹತ್ತಿರ ಸಮುದ್ರ ಇಣುಕುತ್ತದೆ. ಹೋಗುವಾಗ ವೇಗ, ಬರುವಾಗ ಕಿಟಕಿ.

ನೇಪಲ್ಸ್‌ನಿಂದ ಪೊಂಪೇಗೆ ಚಿರ್ಕುಮ್‌ವೆಸುವಿಯಾನಾ ಅನ್ನುವ ಲೋಕಲ್. ಚೆಂತ್ರಾಲೆಯ ಕೆಳಗಿನ ಗರಿಬಾಲ್ದಿ ನಿಲ್ದಾಣದಿಂದ ಸೊರೆಂಟೊ ಕಡೆಯ ಗಾಡಿ ಹತ್ತಿ ಪೊಂಪೇ ಸ್ಕಾವಿಯಲ್ಲಿ ಇಳಿಯಬೇಕು. ಜನ ಜಾಸ್ತಿ ಇರುತ್ತಾರೆ, ಪರ್ಸ್ ಮುಂದಕ್ಕೆ ಹಾಕಿಕೊಳ್ಳಬೇಕು.

ಮುಷ್ಕರದ ವಿಷಯವನ್ನೂ ನೋಡಿದೆ. ಅಲ್ಲಿ ಇದಕ್ಕೆ ಶೋಪೆರೊ ಅನ್ನುತ್ತಾರೆ, ಮುಂಚೆಯೇ ಘೋಷಿಸುತ್ತಾರೆ, ಸಾರಿಗೆ ಮಂತ್ರಾಲಯದ ಪಟ್ಟಿಯಲ್ಲಿ ಬರುತ್ತದೆ. ಮುಷ್ಕರ ಇದ್ದರೂ ಕೆಲಸದ ದಿನಗಳಲ್ಲಿ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9 ರೆಜೊನಾಲೆಗಳನ್ನು ಓಡಿಸಲೇಬೇಕು ಅಂತ ಕಾನೂನಿದೆ. ಆದರೂ ಊರು ಬದಲಿಸುವ ದಿನ ಯಾವುದನ್ನೂ ಶುಕ್ರವಾರಕ್ಕೆ ಇಟ್ಟಿಲ್ಲ, ಯಾಕೆಂದರೆ ಪಟ್ಟಿಯಲ್ಲಿ ಶುಕ್ರವಾರ ಜಾಸ್ತಿ ಕಾಣುತ್ತದೆ. ವಿಮಾನ ಹತ್ತುವ ಹಿಂದಿನ ಎರಡು ರಾತ್ರಿ ರೋಮ್‌ನಲ್ಲೇ ಇರುತ್ತೇವೆ. ತೆರ್ಮಿನಿಯಿಂದ ಫಿಯುಮಿಚಿನೊ ವಿಮಾನ ನಿಲ್ದಾಣಕ್ಕೆ ಲಿಯೊನಾರ್ಡೊ ಎಕ್ಸ್‌ಪ್ರೆಸ್, 32 ನಿಮಿಷ, ಎಲ್ಲೂ ನಿಲ್ಲುವುದಿಲ್ಲ.

ಆಗಸ್ಟ್: ಊಟ, ಲಗೇಜು, ಬಾಕಿ ಕೆಲಸ

ರೆಜೊನಾಲೆಯಲ್ಲಿ ಪ್ಯಾಂಟ್ರಿ ಇಲ್ಲ. ಅಮ್ಮ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಹಚ್ಚಿದ ಅವಲಕ್ಕಿ ತರುತ್ತಾರೆ. ಧಾರವಾಡ ಪೇಡೆ ತರುವಂತಿಲ್ಲ, ಹೊರಗಿನಿಂದ ಯುರೋಪಿಯನ್ ಒಕ್ಕೂಟಕ್ಕೆ ಹಾಲಿನ ಪದಾರ್ಥ ಒಯ್ಯಬಾರದು. ಅಮ್ಮ ಒಪ್ಪಲು ಸ್ವಲ್ಪ ಹೊತ್ತು ಹಿಡಿಯಿತು.

ಲಗೇಜು ತಲೆಗೊಂದು ಸಣ್ಣ ಸೂಟ್‌ಕೇಸ್, ತಾವೇ ಎತ್ತಿ ಡಬ್ಬಿಗೆ ಇಡುವಷ್ಟು. ಹಳೆಯ ಡಬ್ಬಿಗಳಲ್ಲಿ ಮೆಟ್ಟಿಲು ಕಡಿದಾಗಿರುತ್ತದೆ, ಕೂಲಿಯವರು ಸಿಗುತ್ತಾರೆ ಅಂತ ನಂಬಿಕೊಂಡು ಹೋಗುವ ಹಾಗಿಲ್ಲ. ವೆನಿಸ್‌ನಲ್ಲಿ ರೂಮನ್ನು ಸಾಂತಾ ಲೂಚಿಯಾ ನಿಲ್ದಾಣದಿಂದ ಎಡಕ್ಕೆ, ಸೇತುವೆ ಹತ್ತದೆ ಹೋಗುವ ಬೀದಿಯಲ್ಲೇ ಹುಡುಕಿದೆ. ಅಲ್ಲಿ ಒಂದು ಸೇತುವೆ ಅಂದರೆ ಆ ಕಡೆ ಈ ಕಡೆ ಮೆಟ್ಟಿಲು.

ಬಾಕಿ ಇರುವುದು: ಪ್ರಾತೊದಲ್ಲಿ ಗಾಡಿ ಬದಲಿಸಲು ಎಷ್ಟು ಹೊತ್ತು ಇಟ್ಟುಕೊಳ್ಳಬೇಕು ಅನ್ನುವುದು, ಮತ್ತೆ ಸೆಪ್ಟೆಂಬರ್ ಕೊನೆಗೆ ಎಲ್ಲ ಗಾಡಿಗಳ ಹೊತ್ತನ್ನು ಇನ್ನೊಮ್ಮೆ ತಾಳೆ ನೋಡುವುದು, ಹಳಿ ಕೆಲಸಕ್ಕೆ ಅಂತ ಕೆಲವೊಮ್ಮೆ ಗಾಡಿಯ ಬದಲು ಬಸ್ ಬಿಡುತ್ತಾರಂತೆ. ಅಪ್ಪ ಬೊಲೋನ್ಯಾ–ಪ್ರಾತೊ ಮಾರ್ಗದ ನಿಲ್ದಾಣಗಳನ್ನು ಕನ್ನಡದಲ್ಲಿ ಸಾಲಾಗಿ ಬರೆದಿಟ್ಟುಕೊಂಡಿದ್ದಾರೆ. ದೊಡ್ಡ ಸುರಂಗದ ಈ ಕಡೆ ಸಾನ್ ಬೆನೆದೆತ್ತೊ, ಆ ಕಡೆ ವೆರ್ನಿಯೊ. ಒಳಗೆ ಹೋದದ್ದು ಎಷ್ಟು ಗಂಟೆಗೆ, ಹೊರಗೆ ಬಂದದ್ದು ಎಷ್ಟು ಗಂಟೆಗೆ ಅಂತ ಬರೆಯಲು ಪಕ್ಕದಲ್ಲಿ ಎರಡು ಕಾಲಮ್ ಹಾಕಿದ್ದಾರೆ.