ಕಲ್ಲುಗಳ ಬೆನ್ನು ಹತ್ತಿ: ಐರ್ಲೆಂಡ್‌ನಿಂದ ವೇಲ್ಸ್‌ಗೆ

ಮಲ್ಪೆಯಿಂದ ದೋಣಿ ಹತ್ತಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದವರಿಗೆ ಮೂಲೆ ಮೂಲೆಯಾಗಿ ಕಡೆದಿಟ್ಟಂಥ ಆ ಲಾವಾ ಕಂಬಗಳ ಬೆರಗು ಗೊತ್ತು. ಅಂಥವೇ ಸುಮಾರು 40,000 ಕಂಬಗಳು ಉತ್ತರ ಐರ್ಲೆಂಡ್‌ನ ಕಡಲಂಚಿನಲ್ಲಿ ನಿಂತಿವೆ ಎಂದು ಓದಿದಂದಿನಿಂದ ಜೈಂಟ್ಸ್ ಕಾಸ್‌ವೇ ನನ್ನ ತಲೆಯಲ್ಲಿ ಕೂತಿತ್ತು. ಈ ಮೇ ತಿಂಗಳಲ್ಲಿ ಅತ್ತೆ, ಯಜಮಾನರು, ಇಬ್ಬರು ಮಕ್ಕಳೊಂದಿಗೆ ಡಬ್ಲಿನ್‌ನಲ್ಲಿ ಇಳಿದೆವು. ಐರ್ಲೆಂಡ್ ಕೊಟ್ಟ ವೀಸಾದಲ್ಲಿ ಬಿಐವಿಎಸ್ (ಬ್ರಿಟಿಷ್-ಐರಿಷ್ ವೀಸಾ ಯೋಜನೆ) ಎಂಬ ಗುರುತಿದ್ದುದರಿಂದ ಬ್ರಿಟನ್ನಿಗೆ ಬೇರೆ ವೀಸಾ ಬೇಕಾಗಲಿಲ್ಲ. ಬಾಡಿಗೆ ಕಾರು ನಮ್ಮಲ್ಲಿಯಂತೆಯೇ ರಸ್ತೆಯ ಎಡಗಡೆ ಓಡುವುದರಿಂದ ಯಜಮಾನರಿಗೆ ಆ ಚಿಂತೆಯೂ ಇರಲಿಲ್ಲ.

ಮೊದಲು ಪಶ್ಚಿಮಕ್ಕೆ ಹೊರಟೆವು. ಕ್ಲೇರ್ ಕೌಂಟಿಯ ಬರೆನ್‌ನಲ್ಲಿ ಬೆಟ್ಟಕ್ಕೆ ಬೆಟ್ಟವೇ ಬೂದು ಬಣ್ಣದ ಸುಣ್ಣದಕಲ್ಲು. ಕೋಟ್ಯಂತರ ವರ್ಷಗಳ ಹಿಂದೆ ಬೆಚ್ಚಗಿನ ಕಡಲಿನ ತಳದಲ್ಲಿ ಚಿಪ್ಪು, ಹವಳಗಳು ಕೂಡಿ ಆದ ಕಲ್ಲು ಅದು. ದೂರದಿಂದ ಹುಲ್ಲೂ ಹುಟ್ಟದ ನೆಲದಂತೆ ಕಾಣುತ್ತದೆ. ಬಗ್ಗಿ ನೋಡಿದರೆ ಬಿರುಕು ಬಿರುಕಿನಲ್ಲೂ ಹೂವು! ಕಡುನೀಲಿಯ ಜೆಂಶಿಯನ್ ಹೂವನ್ನು ಮೊದಲು ಕಂಡದ್ದು ಮಗಳು. ಅಲ್ಲೇ ಪೌಲ್ನಬ್ರೋನ್ ಎಂಬಲ್ಲಿ ನಿಲ್ಲಿಸಿದ ಚಪ್ಪಡಿಗಳ ಮೇಲೊಂದು ದೊಡ್ಡ ಹಾಸುಗಲ್ಲು ಹೊದಿಸಿದ ಸಮಾಧಿ ಇದೆ, 5,000 ವರ್ಷಕ್ಕೂ ಹಳೆಯದು. ಅಗೆದಾಗ 30ಕ್ಕೂ ಹೆಚ್ಚು ಜನರ ಮೂಳೆಗಳು ಸಿಕ್ಕಿವೆ. ಗಂಗಾವತಿಯ ಕಡೆಯವರಾದ ಅತ್ತೆ ಅದರ ಮುಂದೆ ನಿಂತು, "ಅಲ್ವಾ, ನಮ್ಮ ಹಿರೇಬೆಣಕಲ್ಲಿನ ಮೋರ್ಯರ ಗುಡ್ಡದಾಗ ಇಂಥಾವು ಎಷ್ಟ ಅದಾವ! ಒಬ್ಬರರ ನೋಡಾಕ ಬರ್ತಾರೇನು?" ಎಂದರು. ನಾನು ಆ ಮನೆಯ ಸೊಸೆಯಾಗಿ ಇಷ್ಟು ವರ್ಷವಾದರೂ ಆ ಗುಡ್ಡ ಹತ್ತಿರಲಿಲ್ಲ. ಊರಿಗೆ ಹೋದ ಕೂಡಲೇ ಮಕ್ಕಳನ್ನು ಕರೆದುಕೊಂಡು ಹೋಗುವುದೆಂದು ಅಲ್ಲೇ ಗಟ್ಟಿಯಾಯಿತು.

ಮೊಹೆರ್ ಕಡಿದಾದ ಬಂಡೆಗಳು 214 ಮೀಟರ್ ಎತ್ತರ ಮುಟ್ಟುತ್ತವೆ. ನೋಡಲೇಬೇಕು ನಿಜ, ಆದರೆ ನಾವು ಹೋದ ಮಧ್ಯಾಹ್ನ ವಿಪರೀತ ಜನ.

ಆ ರಾತ್ರಿ ಗಾಲ್ವೇಯಲ್ಲಿ ತಂಗಿದ್ದೆವು. ಊರು ಚೆಂದ, ಬೀದಿ ಬೀದಿಯಲ್ಲಿ ಪಿಟೀಲು. ಆದರೆ ಗಾಲ್ವೇ ಎಂದರೆ ನಮಗೆ ಸವಿತಾ ಹಾಲಪ್ಪನವರ ನೆನಪಾಗದೆ ಇರುವುದಿಲ್ಲ. ಬೆಳಗಾವಿಯ ಹುಡುಗಿ, ದಂತವೈದ್ಯೆ. ಗರ್ಭ ಉಳಿಯುವುದಿಲ್ಲ ಎಂದು ಗೊತ್ತಾದ ಮೇಲೂ ಗರ್ಭಪಾತ ಸಿಗದೆ, ನಂಜೇರಿ, 2012ರ ಅಕ್ಟೋಬರ್‌ನಲ್ಲಿ ಈ ಊರಿನಲ್ಲೇ ತೀರಿಕೊಂಡಳು. ಆಗ ಅವಳಿಗೆ 31 ವರ್ಷ. ಆ ಸಾವು ಐರಿಷ್ ಜನರನ್ನು ಬೀದಿಗಿಳಿಸಿತು. 2018ರ ಜನಮತಗಣನೆಯಲ್ಲಿ ಮೂರರಲ್ಲಿ ಎರಡು ಪಾಲು ಮತದಾರರು ಸಂವಿಧಾನದಲ್ಲಿದ್ದ ಗರ್ಭಪಾತದ ನಿಷೇಧವನ್ನು ತೆಗೆದುಹಾಕಿದರು. ಮಗಳಿಗೆ ಇದನ್ನೆಲ್ಲ ಹೇಳಬೇಕೋ ಬೇಡವೋ ಎಂದು ಯೋಚಿಸಿ, ಹೇಳಿದೆ. ಹದಿಮೂರು ವರ್ಷದವಳು, ತಿಳಿದಿರಲಿ.

ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡ್‌ಗೆ ಹೋಗುವಾಗ ಗಡಿಯಲ್ಲಿ ಗೇಟೂ ಇಲ್ಲ, ಪೊಲೀಸರೂ ಇಲ್ಲ. ವೇಗಮಿತಿಯ ಫಲಕ ಕಿಲೋಮೀಟರಿನಿಂದ ಮೈಲಿಗೆ ಬದಲಾಯಿತು, ಹಸಿರು ಅಂಚೆಪೆಟ್ಟಿಗೆ ಕೆಂಪಾಯಿತು, ಯೂರೋ ಹೋಗಿ ಪೌಂಡ್ ಬಂತು. ಅಷ್ಟೇ. ಉತ್ತರ ಐರ್ಲೆಂಡ್ ಬ್ರಿಟನ್ನಿನಲ್ಲೇ ಇರಬೇಕೋ ಐರ್ಲೆಂಡನ್ನು ಸೇರಬೇಕೋ ಎಂಬ ಕಲಹದಲ್ಲಿ, ಇಷ್ಟು ಸಲೀಸಾದ ಈ ಗಡಿಯ ಹಿಂದೆ ಎಷ್ಟೊಂದು ಜೀವ ಹೋಗಿವೆ ಎಂದು ತಿಳಿದವರಿಗೆ ಈ ಗೇಟಿಲ್ಲದ ರಸ್ತೆ ದೊಡ್ಡ ವಿಷಯ.

ಕಾಸ್‌ವೇಗೆ ಬೆಳಗ್ಗೆ ಬೇಗ ಹೋಗಿ. ನಾವು ಹೋದಾಗ ಕಲ್ಲುಗಳ ಮೇಲೆ ಬೆರಳೆಣಿಕೆಯ ಜನ. ಸುಮಾರು 6 ಕೋಟಿ ವರ್ಷಗಳ ಹಿಂದೆ ಯುರೋಪ್ ಮತ್ತು ಉತ್ತರ ಅಮೆರಿಕ ಬೇರ್ಪಡುತ್ತ ಅಟ್ಲಾಂಟಿಕ್ ಬಾಯಿ ತೆರೆಯುವಾಗ ಹರಿದ ಲಾವಾ ಇದು. ಬತ್ತಿದ ಕೆರೆಯ ಕೆಸರು ಒಡೆಯುವ ಹಾಗೆ, ಆರುತ್ತ ಕುಗ್ಗಿ ಬಿರುಕು ಬಿಟ್ಟಿತು. ಬಿರುಕು ಆಳಕ್ಕಿಳಿದಂತೆ ಕಂಬವಾಯಿತು. ಹೆಚ್ಚಿನವು ಆರು ಮೂಲೆಯವು. ಐದು, ಏಳರವನ್ನು ಹುಡುಕುವುದೇ ಮಗನ ಕೆಲಸವಾಯಿತು. ಮಲ್ಪೆಯ ಕಂಬಗಳು ಇದಕ್ಕಿಂತ ಹಳೆಯವು, ಸುಮಾರು 8.8 ಕೋಟಿ ವರ್ಷ, ಮಡಗಾಸ್ಕರ್ ನಮ್ಮಿಂದ ಬೇರ್ಪಟ್ಟ ಕಾಲದವು. ಎರಡು ಕಡೆಯೂ ನೆಲ ಒಡೆದು ಕಡಲು ಹುಟ್ಟಿದ ಗುರುತು ಈ ಕಂಬಗಳೇ.

ಅಲ್ಲಿನವರ ಕಥೆ ಬೇರೆ. ಫಿನ್ ಮಕೂಲ್ ಎಂಬ ದೈತ್ಯ ಸ್ಕಾಟ್ಲೆಂಡ್‌ನ ದೈತ್ಯನೊಡನೆ ಕಾದಾಡಲು ಕಡಲಿಗೆ ಈ ದಾರಿ ಕಟ್ಟಿದ. ಎದುರಾಳಿಯ ಗಾತ್ರ ಕಂಡು ಹೆದರಿ ಮನೆಗೆ ಓಡಿಬಂದಾಗ ಹೆಂಡತಿ ಅವನನ್ನು ತೊಟ್ಟಿಲಲ್ಲಿ ಮಲಗಿಸಿದಳು. ಕೂಸೇ ಇಷ್ಟಿದ್ದರೆ ಅಪ್ಪ ಎಷ್ಟಿರಬೇಡ ಎಂದು ಬಂದವನು ದಾರಿ ಕಿತ್ತುಹಾಕುತ್ತ ಓಡಿದ. ಸ್ಕಾಟ್ಲೆಂಡ್‌ನ ಸ್ಟಾಫಾ ದ್ವೀಪದಲ್ಲೂ ಇಂಥ ಕಂಬಗಳಿರುವುದರಿಂದ ಕಥೆ ಕಟ್ಟಿದವರ ಕಣ್ಣು ಚುರುಕಾಗಿತ್ತು ಎನ್ನಬೇಕು. ನೀರಿನಂಚಿನ ಕಪ್ಪು ಕಲ್ಲುಗಳು ಜಾರುತ್ತವೆ, ಅಲ್ಲಿ ಮಕ್ಕಳ ಕೈ ಬಿಡಬೇಡಿ. ಅತ್ತೆ ಮೇಲಿನಿಂದ ಬಸ್ಸಿನಲ್ಲಿ ಬಂದು ಅಗಲವಾದೊಂದು ಕಂಬದ ಮೇಲೆ ಕೂತರು. ನಾವು ಶೆಫರ್ಡ್ಸ್ ಸ್ಟೆಪ್ಸ್ ಹತ್ತಿ ಬಂಡೆಯಂಚಿನ ದಾರಿಯಲ್ಲಿ ಮರಳಿದೆವು.

ಡಬ್ಲಿನ್‌ನಲ್ಲಿ ಕಾರು ಒಪ್ಪಿಸಿ, ಹಡಗಿನಲ್ಲಿ ಮೂರು ಗಂಟೆ ದಾಟಿ ಹಾಲಿಹೆಡ್. ಅಲ್ಲಿಂದ ರೈಲು, ಬಸ್ಸು ಹಿಡಿದು ವೇಲ್ಸ್‌ನ ಲ್ಯಾನ್‌ಬೆರಿಸ್. ಕೆರೆಯ ಆಚೆ ಗುಡ್ಡವನ್ನೇ ಮೆಟ್ಟಿಲು ಮೆಟ್ಟಿಲಾಗಿ ಕೊರೆದ ಡಿನಾರ್ವಿಗ್ ಗಣಿ. ಒಂದು ಕಾಲಕ್ಕೆ 3,000 ಜನ ದುಡಿದಿದ್ದ ಆ ಸ್ಲೇಟುಕಲ್ಲಿನ ಗಣಿ 1969ರಲ್ಲಿ ಮುಚ್ಚಿತು. ಅತ್ತೆ ದಾರಿಯಲ್ಲಿ ಬಿದ್ದ ಚೂರೊಂದನ್ನು ಎತ್ತಿ ಉಗುರಿನಿಂದ ಗೀರಿ, "ನಾವು ಅಕ್ಷರಾ ತಿದ್ದಿದ ಪಾಟಿ ಹಿಂಗ ಗುಡ್ಡದಾಗ ಇರ್ತದೇನವಾ!" ಎಂದು ಸೆರಗಿನಿಂದ ಒರೆಸಿದರು.

ಮರುದಿನ ಸ್ನೋಡನ್, ವೇಲ್ಸ್ ಜನರ ಎರ್ ವಿದ್ವಾ, 1,085 ಮೀಟರ್. 1896ರಿಂದ ಓಡುತ್ತಿರುವ ಹಲ್ಲುಗಾಲಿಯ ಪುಟ್ಟ ರೈಲಿನಲ್ಲಿ ಅತ್ತೆ ಮತ್ತು ಮಗ; ನಡಿಗೆಯಲ್ಲಿ ನಾವು ಮೂವರು. ಲ್ಯಾನ್‌ಬೆರಿಸ್ ದಾರಿ ಹೋಗಿಬರಲು ಸುಮಾರು 14.5 ಕಿಲೋಮೀಟರ್, ಎಲ್ಲಕ್ಕಿಂತ ಉದ್ದವಾದರೂ ಎಲ್ಲಕ್ಕಿಂತ ಸಲೀಸು. ಕ್ಲೋಗ್ವಿನ್ ಹತ್ತಿರ ದಾರಿ ರೈಲು ಹಳಿಯ ಅಡಿಯಲ್ಲಿ ನುಸುಳುತ್ತದೆ. ಅಂದು ಗಾಳಿ ಜೋರಾಗಿದ್ದರಿಂದ ರೈಲು ಅಲ್ಲಿಗೇ ನಿಂತಿತು. ಅಲ್ಲಿಂದ ಮುಂದೆ ಮೋಡದೊಳಗಿನ ನಡಿಗೆ. ನಿಚ್ಚಳ ದಿನದಲ್ಲಿ ತುದಿಯಿಂದ ಐರ್ಲೆಂಡ್‌ನ ಬೆಟ್ಟಗಳು ಕಾಣುತ್ತವೆ. ನಮಗೆ ಹತ್ತು ಅಡಿಯಾಚೆಯ ಯಜಮಾನರೇ ಕಾಣುತ್ತಿರಲಿಲ್ಲ. ಆದರೂ ಮೋಡದಲ್ಲಿ ಎದುರಾದ ಪ್ರತಿಯೊಬ್ಬರೂ "ಇನ್ನು ಸ್ವಲ್ಪವೇ" ಎಂದು ಹುರುಪು ತುಂಬಿ ಹೋದರು. ಇಳಿಯುವಾಗ ಮಂಡಿಗೆ ಕಷ್ಟ, ಹಾಗಾಗಿ ಕೋಲು ಇರಲಿ. ಮೇ ತಿಂಗಳಾದರೂ ಗಾಳಿ ತಡೆಯುವ ಜಾಕೆಟ್ ಬೇಕೇ ಬೇಕು. ಮಗಳು ಆಗಲೇ ಪಿಗ್ ಟ್ರ್ಯಾಕ್ ಎಂಬ ಕಡಿದಾದ ದಾರಿಯ ನಕ್ಷೆ ಕೊಂಡುಕೊಂಡಿದ್ದಾಳೆ.