ಗೋಡೆ ಮೇಲಿನ ಗುಲಾಬಿ

ಕಾಂಪೌಂಡ್ ಗೋಡೆಯ ಬಳ್ಳಿ ಗುಲಾಬಿ ಈ ಸಲ ಏಪ್ರಿಲ್ ಬಿಸಿಲಿಗೂ ಜಗ್ಗದೆ ಗೊಂಚಲು ಗೊಂಚಲಾಗಿ ಬಿಟ್ಟಿದೆ. ಬೆಳಿಗ್ಗೆ ಆರೂವರೆಗೆ ಕಾಫಿ ಲೋಟ ಹಿಡಿದು ಹೋದರೆ ಎಸಳುಗಳು ಇನ್ನೂ ತಣ್ಣಗಿರುತ್ತವೆ. ಹನ್ನೊಂದರ ಹೊತ್ತಿಗೆ ಅಂಚು ಮುದುರಿ, ಗುಲಾಬಿ ಬಣ್ಣ ತಿಳಿಯಾಗಿ, ಸಂಜೆಗೆ ಬುಡದ ತುಂಬ ಪಕಳೆ. ಅಷ್ಟು ಹೊತ್ತು ನೋಡೋಕೆ ಸಿಕ್ಕಿತಲ್ಲ, ನನಗೆ ಅದೇ ಹಬ್ಬ.

ಬಳ್ಳಿ ಅಂತ ಕರೆದರೂ ಇದು ಹಾಗಲದ ಹಾಗೆ ಕುಡಿ ಚಾಚಿ ಸುತ್ತಿಕೊಳ್ಳೋದಿಲ್ಲ. ಬಾಗಿದ ಮುಳ್ಳನ್ನು ಸಿಕ್ಕಿದ್ದಕ್ಕೆ ತಗುಲಿಸಿಕೊಂಡು ಏರುತ್ತದೆ, ಮಿಕ್ಕಿದ್ದನ್ನು ನಾವೇ ಕಟ್ಟಬೇಕು. ಎರಡು ವರ್ಷ ನೆಟ್ಟಗೆ ಮೇಲಕ್ಕೆ ಬಿಟ್ಟಿದ್ದೆ. ತುದಿಯಲ್ಲಿ ನಾಲ್ಕೇ ಹೂ. ಅತ್ತೆ ನೋಡಿ, "ಅಡ್ಡಕ್ಕೆ ಬಗ್ಗಿಸಿ ಕಟ್ಟಮ್ಮ, ಗೆಣ್ಣುಗೆಣ್ಣಲ್ಲೂ ಚಿಗುರುತ್ತೆ" ಅಂದರು. ಹಳೇ ಹತ್ತಿ ಸೀರೆ ಹರಿದು ಸಡಿಲವಾಗಿ ಕಟ್ಟಿದೆ. ಕೊಂಬೆ ಅಡ್ಡ ಮಲಗಿದರೆ ತುದಿ ಚಿಗುರಿನ ದರ್ಬಾರು ಕಡಿಮೆಯಾಗಿ, ಪಕ್ಕದಲ್ಲಿ ಮಲಗಿದ್ದ ಕಣ್ಣುಗಳೆಲ್ಲ ಎಚ್ಚರಾಗುತ್ತವೆ. ಈಗ ಆ ಸೀರೆ ಚೂರೇ ಕಾಣದಷ್ಟು ಹೂ. ಅತ್ತೆಗೆ ದಿನಾ ಒಂದು ಹೂ ಮೀಸಲು.

ಮಣಿಪುರದ ಬೆಟ್ಟಗಳಲ್ಲಿ ರೋಸಾ ಜೈಗಾಂಟಿಯಾ ಅನ್ನೋ ಕಾಡು ಗುಲಾಬಿ ಎತ್ತರದ ಮರಗಳನ್ನೇ ಹತ್ತಿ ಅಗಲವಾದ ತಿಳಿ ಹೂ ಬಿಡುತ್ತದೆ. ಜೀವನದಲ್ಲಿ ಒಮ್ಮೆ ಅದನ್ನ ನೋಡಬೇಕು ಅಂತ ಆಸೆ ಹುಟ್ಟಿದೆ.

ಸದ್ಯಕ್ಕೆ ಬಿಸಿಲು ಇಳೀತು. ಬುಡಕ್ಕೆ ಎರಡು ಬಿಂದಿಗೆ ನೀರು ಹಾಕಿ, ಒದ್ದೆ ಮಣ್ಣಿನ ವಾಸನೆಯಲ್ಲಿ ಮೆಟ್ಟಿಲ ಮೇಲೆ ಕೂತಿದ್ದೇನೆ.